ಅಕ್ಕ ಜಿಡ್ಡು ಬಿಟ್ಟ ವರ್ಷ

"ರಕ್ತದಲ್ಲಿ ಔಷಧ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಉಂಟು" ಎಂದು ಮಂಗಳೂರಿನ ಡಾಕ್ಟರು ಫೋನಿನಲ್ಲಿ ಹೇಳಿದಾಗ ನಾನು ಬೆಳ್ತಂಗಡಿಯಲ್ಲಿ ನನ್ನ ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದೆ. ಎದುರಿಗೆ ಐದಾರು ಗಿರಾಕಿಗಳಿದ್ದರು. ಒಬ್ಬರಿಗೆ ಕೆಮ್ಮಿನ ಸಿರಪ್ ಕೊಡಲು ಚಾಚಿದ ಕೈ ಹಾಗೆಯೇ ನಿಂತುಹೋಯಿತು. ಡಾಕ್ಟರು ಮತ್ತೆ ಕೇಳಿದರು: "ನಿಮ್ಮ ಅಕ್ಕ ಸಿರಪ್ ಸರಿಯಾಗಿ ಕುಡಿಯುತ್ತಾರಲ್ಲ?"

ಕುಡಿಯುತ್ತಿದ್ದಳು. ಆ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಮೂಡುಬಿದಿರೆಯ ಮನೆಯಲ್ಲಿ ಅವಳ ಮಗಳು, ನನಗೆ ಸೊಸೆಯಾಗಬೇಕಾದವಳು, ದಿನಕ್ಕೆರಡು ಸಲ ಬಾಟಲಿ ಅಲುಗಾಡಿಸಿ, ಅಳತೆ ನೋಡಿ, ಕುಡಿಸಿ, ನನಗೆ ಫೋನ್ ಮಾಡಿ "ಆಯಿತು ಮಾವ" ಎಂದು ಹೇಳುತ್ತಿದ್ದಳು. ಅಕ್ಕ ಸುಳ್ಳು ಹೇಳುವವಳಲ್ಲ. ಸೊಸೆ ಅದಕ್ಕಿಂತಲೂ ಕಟ್ಟುನಿಟ್ಟು, ಶಾಲೆಯಲ್ಲಿ ಗಣಿತ ಕಲಿಸುವವಳು. ಹಾಗಾದರೆ ಹನ್ನೆರಡು ದಿನ ಕುಡಿದ ಔಷಧ ಹೋದದ್ದೆಲ್ಲಿಗೆ? ಫೋನ್ ಇಟ್ಟ ಮೇಲೆ ಸ್ಟೂಲ್ ಎಳೆದು ಕುಳಿತೆ. ಗಿರಾಕಿಗಳು ಬೈದುಕೊಂಡು ಪಕ್ಕದ ಅಂಗಡಿಗೆ ಹೋದರು.

ಅದು ಕೊರೊನಾದ ಎರಡನೇ ಅಲೆಯ ಮಳೆಗಾಲ. ಮೊದಲು ಮಲಗಿದವನು ನಾನು. ಒಂಬತ್ತು ದಿನ ಆಮ್ಲಜನಕದ ನಳಿಕೆ ಮೂಗಿಗೆ ಹಾಕಿಕೊಂಡು ಆಸ್ಪತ್ರೆಯಲ್ಲಿದ್ದೆ. ನಾನು ಮನೆಗೆ ಬರುವ ಹೊತ್ತಿಗೆ ಅಕ್ಕ ಮಲಗಿದಳು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಅದರ ಮೇಲೆ ಸ್ಟೀರಾಯ್ಡ್. ಜ್ವರ ಇಳಿದು ಹದಿನೈದು ದಿನಕ್ಕೆ ಅವಳ ಬಲಗೆನ್ನೆ ಊದಿತು, ಹಲ್ಲು ಅಲುಗಾಡಿತು. ಆಗ ಪತ್ರಿಕೆಗಳಲ್ಲಿ ದಿನಾ ಬರುತ್ತಿದ್ದ ಆ ಕಪ್ಪು ಫಂಗಸ್ ನಮ್ಮ ಮನೆಗೂ ಬಂದಿತ್ತು. ಮಂಗಳೂರಿನಲ್ಲಿ ಅಂಗುಳಿನ ಬಲಭಾಗ ಕತ್ತರಿಸಿ ತೆಗೆದರು. ಆ ಜಾಗಕ್ಕೆ ಒಂದು ಪ್ಲೇಟ್ ಕೂರಿಸಿದರು. ಮೂರು ವಾರ ದಿನಾ ಇಂಜೆಕ್ಷನ್ ಕೊಟ್ಟರು. ಆ ಇಂಜೆಕ್ಷನ್ ಫಂಗಸ್ಸನ್ನು ಕೊಲ್ಲುವ ಜೊತೆಗೆ ಅವಳ ಕಿಡ್ನಿಯನ್ನೂ ಹಾಳು ಮಾಡತೊಡಗಿತು. ಅದನ್ನು ನಿಲ್ಲಿಸಿ, ಈ ಬಿಳಿ ಸಿರಪ್ ಬರೆದುಕೊಟ್ಟು ಮನೆಗೆ ಕಳಿಸಿದರು.

ಕಳಿಸುವಾಗ ಸ್ಕ್ಯಾನ್ ತೋರಿಸಿ ಡಾಕ್ಟರು ಬೆರಳಿಟ್ಟ ಜಾಗ ನನ್ನ ಕಣ್ಣ ಮುಂದೆ ಇನ್ನೂ ಇದೆ. ಬಲಗಣ್ಣಿನ ಹಿಂದೆ ಒಂದು ಸಣ್ಣ ಕಲೆ. "ಇದು ಇಲ್ಲೇ ನಿಲ್ಲಬೇಕು. ಮೇಲೆ ಹೋದರೆ ಕಣ್ಣು, ಅದರಿಂದ ಮೇಲೆ ಹೋದರೆ ಮೆದುಳು. ಇಂಜೆಕ್ಷನ್ ಇನ್ನು ಕೊಡುವ ಹಾಗಿಲ್ಲ, ಕಿಡ್ನಿ ತಡೆಯುವುದಿಲ್ಲ. ಇದೊಂದೇ ನಮಗಿರುವ ದಾರಿ" ಎಂದಿದ್ದರು. ಅದೇ ಔಷಧ ಮಾತ್ರೆಯಾಗಿಯೂ ಬರುತ್ತದೆ, ಮೈಗೆ ಹತ್ತುವುದರಲ್ಲಿ ಅದು ಇನ್ನೂ ಒಳ್ಳೆಯದು. ಆದರೆ ಆ ದಿನಗಳಲ್ಲಿ ಮಾತ್ರೆ ಎಲ್ಲೂ ಇರಲಿಲ್ಲ. ಗುರುತಿನ ಸ್ಟಾಕಿಸ್ಟುಗಳಿಗೆಲ್ಲ ಫೋನ್ ಮಾಡಿ, ಬಿ.ಸಿ. ರೋಡಿನವರೆಗೆ ಎರಡು ಸಲ ಹೋಗಿ ಬಂದು, ಹೇಗೋ ಸಿರಪ್ಪಿನ ಬಾಟಲಿಗಳನ್ನು ಹೊಂದಿಸಿದ್ದೆ. ಹೊಂದಿಸಿದ ಮೇಲೆ ಸ್ವಲ್ಪ ಜಂಬವೂ ಬಂದಿತ್ತು. ಮೆಡಿಕಲ್ ಅಂಗಡಿಯ ತಮ್ಮ ಇರುವುದು ಮತ್ತೆ ಯಾತಕ್ಕೆ ಎಂದು.

ಆ ಜಂಬ ಇಳಿದದ್ದು ಡಾಕ್ಟರ ಎರಡನೇ ಪ್ರಶ್ನೆಗೆ. ಸಂಜೆ ನಾನೇ ಅವರಿಗೆ ಮತ್ತೆ ಫೋನ್ ಮಾಡಿದ್ದೆ.

"ಗ್ಯಾಸಿನ ಮಾತ್ರೆ ಏನಾದರೂ ಕೊಡುತ್ತಿದ್ದೀರಾ?"

ಕೊಡುತ್ತಿದ್ದೆ. ಯಾರೂ ಬರೆದುಕೊಡದಿದ್ದರೂ ನಾನಾಗಿಯೇ ಕೊಟ್ಟಿದ್ದೆ. ನಮ್ಮ ಕಡೆ ಜ್ವರಕ್ಕೆ ಬಂದರೂ ಸೊಂಟನೋವಿಗೆ ಬಂದರೂ ಚೀಟಿಯ ಮಾತ್ರೆಗಳ ಜೊತೆ ಒಂದು ಗ್ಯಾಸಿನ ಮಾತ್ರೆ ಸೇರಿಸಿ ಕವರಿಗೆ ಹಾಕುವುದು ನಮ್ಮ ಕೈಗೆ ಬಂದ ಅಭ್ಯಾಸ. ಜನರೂ ಕೇಳುತ್ತಾರೆ, "ಗ್ಯಾಸಿಂದು ಹಾಕಿದ್ದೀರಲ್ಲ?" ಎಂದು. ಇಪ್ಪತ್ತೆರಡು ವರ್ಷದಿಂದ ಹಾಕುತ್ತಿದ್ದೇನೆ. ಅಕ್ಕನ ಕವರಿಗೂ ಹಾಕಿದ್ದೆ.

"ಹೊಟ್ಟೆಯಲ್ಲಿ ಹುಳಿ ಇದ್ದರೆ ಅಲ್ಲವಾ ಈ ಸಿರಪ್ ಸ್ವಲ್ಪವಾದರೂ ಕರಗುವುದು? ಆ ಮಾತ್ರೆ ಕೊಟ್ಟು ನೀವು ಹುಳಿಯನ್ನೇ ಅಡಗಿಸಿಬಿಟ್ಟಿದ್ದೀರಿ" ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಕೇಳಿದರು, "ಊಟ ಏನು ಮಾಡ್ತಾರೆ? ಇದು ನೀರಿನಲ್ಲಿ ಕರಗುವ ಔಷಧ ಅಲ್ಲ. ಜಿಡ್ಡು ಇರುವ ಊಟದ ಜೊತೆಗೇ ಹೋಗಬೇಕು. ತುಪ್ಪ, ಬೆಣ್ಣೆ, ಹಾಲಿನ ಕೆನೆ, ಏನಾದರೂ. ಡಿಸ್ಚಾರ್ಜಿನ ದಿನ ಹೇಳಿದ್ದೆನಲ್ಲ?"

ಹೇಳಿದ್ದರು. ನಾನು ಕೇಳಿಸಿಕೊಂಡದ್ದು 'ಊಟದ ಜೊತೆ' ಎಂಬಷ್ಟನ್ನು ಮಾತ್ರ. ಆ ಮಾತನ್ನು ನಾನು ದಿನಕ್ಕೆ ನೂರು ಸಲ ಹೇಳುವವನು. ಹೇಳಿ ಹೇಳಿ ಅದರ ಅರ್ಥವೇ ಸವೆದುಹೋಗಿತ್ತು. ಬಾಟಲಿಯ ಪೆಟ್ಟಿಗೆಯಲ್ಲಿ ಮಡಚಿಟ್ಟ ಹಾಳೆಯನ್ನು ಅವತ್ತು ಮೊದಲ ಸಲ ಬಿಡಿಸಿ ಓದಿದೆ. ಎಲ್ಲ ಅದರಲ್ಲೇ ಇತ್ತು. ಸೊಸೆಗೆ ಫೋನ್ ಮಾಡಿ ಗ್ಯಾಸಿನ ಮಾತ್ರೆ ನಿಲ್ಲಿಸಲು ಹೇಳಿದೆ.

ಮರುದಿನ ಬೆಳಿಗ್ಗೆ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ವೇಣೂರು ದಾರಿಯಾಗಿ ಮೂಡುಬಿದಿರೆಗೆ ಹೊರಟೆ. ಮಳೆ ಜೋರಿತ್ತು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಹನ್ನೆರಡು ದಿನ ಆ ಕಲೆಗೆ ಎದುರು ಯಾರೂ ಇರಲಿಲ್ಲ. ಹನ್ನೆರಡು ದಿನದಲ್ಲಿ ಅದು ಎಷ್ಟು ದೂರ ಹೋಗಿರಬಹುದು? ಕಣ್ಣಿನಿಂದ ಮೆದುಳಿಗೆ ಎಷ್ಟು ಅಂತರ? ನನ್ನದೇ ಹಣೆಯ ಮೇಲೆ ಬೆರಳಿಟ್ಟು ಅಳೆದುಕೊಂಡೆ. ಎರಡು ಬೆರಳು ಕೂಡ ಇಲ್ಲ.

ಅಕ್ಕ ಜಗಲಿಯಲ್ಲಿ ಕುಳಿತಿದ್ದಳು. ನನಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು, ಈಗಲೂ ಬೈಯುವ ಹಕ್ಕು ಇಟ್ಟುಕೊಂಡವಳು. ಬಲಗೆನ್ನೆ ಒಳಗೆ ಹೋಗಿತ್ತು. ಮೊದಲು ನಾನು ನೋಡಿದ್ದು ಅವಳ ಕಣ್ಣು. ಎರಡೂ ಒಂದೇ ಥರ ತಿರುಗುತ್ತಿದ್ದವು.

"ಎರಡಾಗಿ ಕಾಣುವುದು ಏನಾದರೂ ಉಂಟಾ?"

"ನೀನೊಬ್ಬನೇ ಸಾಕು ಮಾರಾಯ, ಎರಡು ಯಾತಕ್ಕೆ?" ಎಂದಳು. ಮಾತು ಮೂಗಿನಿಂದ ಬರುತ್ತಿತ್ತು.

ಅಷ್ಟರಲ್ಲಿ ಸೊಸೆ ಬೆಳಗಿನ ಊಟ ತಂದಳು. ಊಟ ಎಂದರೆ ಗಂಜಿಯ ತಿಳಿ, ಎರಡು ಚಿಟಿಕೆ ಉಪ್ಪು. ಅಗಿಯಲು ಆಗದವಳಿಗೆ ಅದು ಸರಿಯೇ. ಆದರೆ ತಟ್ಟೆಯಲ್ಲಿ ಬೇರೇನೂ ಇರಲಿಲ್ಲ. "ಇದಕ್ಕೆ ಎರಡು ಚಮಚ ತುಪ್ಪ ಹಾಕು. ಇನ್ನು ಮೇಲೆ ಪ್ರತಿ ಸಲವೂ ಹಾಕಬೇಕು" ಎಂದೆ. ಸೊಸೆ ಅಮ್ಮನ ಮುಖ ನೋಡಿದಳು.

"ಅಮ್ಮನಿಗೆ ನಿಯಮ ಉಂಟು ಮಾವ. ಜಿಡ್ಡು ಬಿಟ್ಟಿದ್ದಾರೆ."

ನಮ್ಮ ಜೈನರ ಮನೆಗಳಲ್ಲಿ ಇದು ಹೊಸ ಸಂಗತಿಯಲ್ಲ. ಒಬ್ಬರು ಉಪ್ಪು ಬಿಟ್ಟಿರುತ್ತಾರೆ, ಇನ್ನೊಬ್ಬರು ಸಕ್ಕರೆ. ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ ಎನ್ನುವುದು ಎಲ್ಲರಿಗೂ ಇರುವುದೇ. ಯಾವಾಗಲೂ ಯಾರಿಗಾದರೂ ಯಾವುದಾದರೂ ನಿಯಮ ನಡೆಯುತ್ತಲೇ ಇರುವುದರಿಂದ ಯಾಕೆ, ಎಷ್ಟು ದಿನ ಎಂದು ಯಾರೂ ಕೆದಕುವುದಿಲ್ಲ. ಕೇಳುವುದು ಮರ್ಯಾದೆಯೂ ಅಲ್ಲ. ಸೊಸೆಯೂ ಕೇಳಿರಲಿಲ್ಲ. ಅಮ್ಮ ಹಾಲು, ಮೊಸರು, ತುಪ್ಪ, ಎಣ್ಣೆ ಬಿಟ್ಟಿದ್ದಾರೆ, ತೆಂಗಿನಕಾಯಿಯನ್ನೂ ಬಿಟ್ಟಿದ್ದಾರೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ನಮ್ಮೂರಲ್ಲಿ ತೆಂಗಿನಕಾಯಿ ಬಿಡುವುದೆಂದರೆ ಊಟವನ್ನೇ ಅರ್ಧ ಬಿಟ್ಟ ಹಾಗೆ. ಆಸ್ಪತ್ರೆಯಲ್ಲೂ ಅಕ್ಕ ಗಂಜಿ ತಿಳಿ, ಬೇಳೆಯ ಕಟ್ಟು ಇಷ್ಟರಲ್ಲೇ ದಿನ ಕಳೆದಿದ್ದಳಂತೆ. ಅಲ್ಲಿ ಇಂಜೆಕ್ಷನ್ ನೇರ ರಕ್ತಕ್ಕೆ ಹೋಗುತ್ತಿದ್ದುದರಿಂದ ಏನೂ ತೊಂದರೆಯಾಗಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಕೆಟ್ಟದ್ದು. ಭಯವಾದಾಗಲೇ ಅದು ಹೆಚ್ಚು ಬರುತ್ತದೆ. "ಯಾವ ದೇವರು ನಿನಗೆ ಈ ಕಾಯಿಲೆಯಲ್ಲಿ ತುಪ್ಪ ಬಿಡು ಅಂತ ಹೇಳಿದ್ದು? ಸಾಯಲಿಕ್ಕೆ ಹೊರಟಿದ್ದೀಯಾ?" ಎಂದು ಕೂಗಿದೆ. ಅಕ್ಕ ಗಂಜಿಯ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

ಅಡುಗೆಮನೆಗೆ ಹೋಗಿ ಎರಡು ಲೋಟ ತಂದೆ. ಒಂದರಲ್ಲಿ ನೀರು, ಒಂದರಲ್ಲಿ ಬಿಸಿ ಮಾಡಿದ ಎಣ್ಣೆ. ಎರಡಕ್ಕೂ ಒಂದೊಂದು ಚಿಟಿಕೆ ಅರಶಿನ ಪುಡಿ ಹಾಕಿದೆ. ನೀರಿನಲ್ಲಿ ಅದು ತಿರುಗಿ ತಿರುಗಿ ತಳಕ್ಕೆ ಇಳಿಯಿತು. ಎಣ್ಣೆ ಹಳದಿಯಾಯಿತು. "ನೋಡು. ನಿನ್ನ ಸಿರಪ್ಪಿನ ಕಥೆಯೂ ಇಷ್ಟೇ. ಗಂಜಿಯ ನೀರಿನಲ್ಲಿ ಅದು ಪುಡಿ ಪುಡಿಯಾಗಿಯೇ ಉಳಿದು ಹೊಟ್ಟೆಯಿಂದ ಕೆಳಗೆ ಹೋಗುತ್ತದೆ. ಜಿಡ್ಡು ಬಂದರೆ ಪಿತ್ತ ಇಳಿಯುತ್ತದೆ, ಪಿತ್ತವೂ ಜಿಡ್ಡೂ ಸೇರಿ ಔಷಧವನ್ನು ಕರಗಿಸಿ ರಕ್ತಕ್ಕೆ ದಾಟಿಸುತ್ತವೆ. ನೀನು ಹನ್ನೆರಡು ದಿನ ಕುಡಿದದ್ದು ಪೂರ್ತಿ ಕಕ್ಕಸಿಗೆ ಹೋಗಿದೆ, ತಿಳಿಯಿತಾ?"

"ತಿಳಿಯಿತು" ಎಂದಳು ಅಕ್ಕ. "ಆದರೂ ಆಗುವುದಿಲ್ಲ. ಹತ್ತು ತಿಂಗಳು ಬಾಕಿ ಉಂಟು."

ಎಷ್ಟು ಹೇಳಿದರೂ ಅದೇ ಮಾತು. ಗೋಡಂಬಿ ಅರೆದು ಕೊಡಲಾ ಎಂದೆ, ಎಳ್ಳು ಎಂದೆ. ಜಿಡ್ಡು ಎಂದರೆ ಜಿಡ್ಡೇ, ಉಪಾಯ ಮಾಡಿ ದಾಟುವ ನಿಯಮ ಅಲ್ಲ ಅದು ಎಂದಳು. ಕೊನೆಗೆ ನಾನು ಸೊಸೆಯನ್ನು ಅಡುಗೆಮನೆಗೆ ಕರೆದು, ಗಂಜಿಯಲ್ಲಿ ಗೊತ್ತಾಗದ ಹಾಗೆ ತುಪ್ಪ ಕದಡಿ ಕೊಡುವ, ಅವಳಿಗೆ ಈಗ ರುಚಿಯೂ ವಾಸನೆಯೂ ತಿಳಿಯುವುದಿಲ್ಲವಲ್ಲ ಎಂದೆ. ಹೇಳುವಾಗಲೇ ನಾಚಿಕೆಯಾಯಿತು. ಸೊಸೆ ತುಪ್ಪದ ಕರಡಿಗೆಯ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು.

"ಮಾವ, ಅಮ್ಮ ಅದನ್ನು ಯಾರಿಗೋಸ್ಕರ ಬಿಟ್ಟದ್ದು ಅಂತ ನನಗೆ ಈಗ ಅಂದಾಜಾಗ್ತಾ ಉಂಟು. ಹತ್ತು ತಿಂಗಳು ಬಾಕಿ ಅಂದರೆ ಶುರುವಾಗಿ ಎರಡು ತಿಂಗಳು. ಎರಡು ತಿಂಗಳ ಹಿಂದೆ ಅಮ್ಮ ಹುಷಾರಿದ್ದರು. ಆಕ್ಸಿಜನ್ ಹಾಕಿ ಮಲಗಿದ್ದವರು ನೀವು."

ಅವಳು ಗಣಿತದ ಟೀಚರು. ಲೆಕ್ಕ ಸರಿಯಾಗಿತ್ತು.

ಜಗಲಿಗೆ ಬಂದು ಅಕ್ಕನ ಎದುರು ನೆಲದ ಮೇಲೆ ಕುಳಿತೆ. ಹೌದಾ ಎಂದು ಕೇಳಿದೆ. ಹೌದು ಎಂದಳು. ಆಮೇಲೆ ಹೇಳಿದಳು: ನನ್ನ ಆಮ್ಲಜನಕ ಎಂಬತ್ತಕ್ಕೆ ಇಳಿದಿದೆ, ವೆಂಟಿಲೇಟರ್ ಖಾಲಿ ಇಲ್ಲ ಎಂದು ಗೊತ್ತಾದ ದಿನ ಅವಳು ಬಸದಿಗೆ ಹೋದಳಂತೆ. ಲಾಕ್‌ಡೌನಿಗೆ ಬಸದಿಯ ಬಾಗಿಲು ಮುಚ್ಚಿತ್ತು. ಹೊರಗಿನ ಮೆಟ್ಟಿಲಲ್ಲೇ ನಿಂತು, ತಮ್ಮ ಬದುಕಿ ಬಂದರೆ ಒಂದು ವರ್ಷ ಜಿಡ್ಡು ಮುಟ್ಟುವುದಿಲ್ಲ ಎಂದು ಕೈ ಮುಗಿದು ಬಂದಳಂತೆ. ಮೂರನೇ ದಿನಕ್ಕೆ ನನ್ನ ಆಮ್ಲಜನಕ ಏರಿತು.

"ಕೊಟ್ಟ ಮಾತು. ಅರ್ಧದಲ್ಲಿ ಬಿಟ್ಟು, ನಿನಗೆ ಏನಾದರೂ ಆದರೆ?"

ನಾನು ಬಸದಿಗೆ ಹಬ್ಬಕ್ಕೆ ಮಾತ್ರ ಹೋಗುವವನು. ವ್ರತಕ್ಕೂ ಶ್ವಾಸಕೋಶಕ್ಕೂ ಸಂಬಂಧ ಇಲ್ಲ ಎಂದು ಅಂಗಡಿಯಲ್ಲಿ ಎಷ್ಟೋ ಜನರಿಗೆ ಭಾಷಣ ಮಾಡಿದವನು. ಆದರೆ ಅವಳ ಮಾತು ಕೇಳಿದಾಗ ನನಗೂ ಭಯವಾಯಿತು. ನನ್ನ ಉಸಿರಿಗೆ ಅವಳು ಕೊಟ್ಟದ್ದನ್ನು ನಾನೇ ವಾಪಸು ತೆಗೆದುಕೋ ಎಂದು ಹಠ ಹಿಡಿದಿದ್ದೆ. ಒಂದು ಕ್ಷಣ, ಒಂದೇ ಕ್ಷಣ, ಇನ್ನೂ ಎರಡು ದಿನ ತುಪ್ಪ ಇಲ್ಲದೆ ಹೀಗೇ ನೋಡಿದರೆ ಹೇಗೆ ಎಂದು ಅನ್ನಿಸಿತು. ಅದನ್ನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

"ನೀನು ಹೋದ ಮೇಲೆ ನಾನು ಉಳಿದು ಏನು ಮಾಡಬೇಕು, ಅದನ್ನಾದರೂ ಹೇಳು" ಎಂದೆ. ಆಮೇಲೆ ನನಗೆ ಅಳು ಬಂತು. ಐವತ್ತು ದಾಟಿದವನು ನೆಲದಲ್ಲಿ ಕುಳಿತು ಮಗುವಿನ ಹಾಗೆ ಅತ್ತದ್ದನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಎದ್ದು ಕೈಕಾಲು ತೊಳೆದು ಬಂದು, ಬಸದಿಯ ದಿಕ್ಕಿಗೆ ತಿರುಗಿ ತುಂಬ ಹೊತ್ತು ನಿಂತಳು. ತಿರುಗಿ ಬಂದಾಗ ಅವಳ ಮುಖ ಬಿಳಚಿತ್ತು.

"ನಿನ್ನ ಆ ಬೆರಳಿಗೆ ಹಾಕುವ ಮಿಷನ್ ಉಂಟಲ್ಲ, ಪ್ರತಿ ಸಲವೂ ಅದರಲ್ಲಿ ಎಷ್ಟುಂಟು ಅಂತ ಮೊದಲು ಹೇಳಬೇಕು. ಸರಿ ಉಂಟು ಅಂತಾದರೆ ಮಾತ್ರ ನಾನು ತುಪ್ಪ ನುಂಗುವುದು. ಕಡಿಮೆ ಆದ ದಿನ ನಿಲ್ಲಿಸುತ್ತೇನೆ."

ಒಪ್ಪಿಕೊಂಡೆ. ಆಕ್ಸಿಮೀಟರ್ ನನ್ನ ಕಿಸೆಯಲ್ಲೇ ಇತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅದು ಇಲ್ಲದೆ ನಾನು ಹೊರಗೆ ಹೋಗುತ್ತಿರಲಿಲ್ಲ. ಬೆರಳಿಗೆ ಹಾಕಿ ತೋರಿಸಿದೆ, ತೊಂಬತ್ತೇಳು. ಸೊಸೆ ಗಂಜಿಗೆ ತುಪ್ಪ ಹಾಕಿದಳು. ಅಕ್ಕ ಕಣ್ಣು ಮುಚ್ಚಿ ಅದನ್ನು ಕುಡಿದಳು, ಹಿಂದೆಯೇ ಸಿರಪ್. ಇಡೀ ಹೊತ್ತು ಅವಳ ಕೈ ನನ್ನ ಮಣಿಕಟ್ಟಿನ ಮೇಲಿತ್ತು.

ಆ ದಿನದಿಂದ ಬೆಳಿಗ್ಗೆ ಎಂಟಕ್ಕೆ ಒಂದು ಫೋನ್, ಸಂಜೆ ಐದೂವರೆಗೆ ಒಂದು ಫೋನ್. "ಎಷ್ಟುಂಟು?" "ತೊಂಬತ್ತೇಳು." "ಸರಿ." ಅಷ್ಟೇ ಮಾತು. ಆಮೇಲೆ ಸೊಸೆ "ಆಯಿತು ಮಾವ" ಎನ್ನುತ್ತಿದ್ದಳು. ಎಂಟು ಗಂಟೆ ಹತ್ತಿರವಾದ ಹಾಗೆ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಅವಳಿಗೆ ನನ್ನ ಭಯ, ನನಗೆ ಅವಳ ಭಯ. ಅದರ ಜೊತೆಗೆ ನನಗೆ ನನ್ನದೇ ಭಯವೂ ಇತ್ತು. ಮೆಟ್ಟಿಲು ಹತ್ತಿ ಸ್ವಲ್ಪ ಏದುಸಿರು ಬಂದರೂ ಅಕ್ಕನ ತುಪ್ಪ ನೆನಪಾಗುತ್ತಿತ್ತು. ಇದು ಮೂರ್ಖತನ ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಬೈದುಕೊಂಡು ಮತ್ತೆ ಬೆರಳಿಗೆ ಮಿಷನ್ ಹಾಕುತ್ತಿದ್ದೆ.

ಎಂಟನೇ ದಿನ ಮತ್ತೆ ರಕ್ತ ತೆಗೆದು ಕಳಿಸಿದರು. ಆ ಪರೀಕ್ಷೆ ಮಂಗಳೂರಿನಲ್ಲಿ ಆಗುವುದಿಲ್ಲ, ದೂರದ ಲ್ಯಾಬಿಗೆ ಹೋಗಬೇಕು. ವರದಿಗೆ ನಾಲ್ಕೈದು ದಿನ. ಈ ಸಲವೂ ಮಟ್ಟ ಏರದಿದ್ದರೆ ಕಣ್ಣು ತೆಗೆಯುವ ಮಾತು ಆಡಬೇಕಾಗುತ್ತದೆ ಎಂದು ಡಾಕ್ಟರು ನನಗೆ ಮಾತ್ರ ಹೇಳಿದ್ದರು.

ಕಾಯುತ್ತಿದ್ದ ಮೂರನೇ ದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಮಳೆಯಲ್ಲಿ ನೆನೆದ ಕೈ ಒರೆಸಿಕೊಂಡು, ಫೋನ್ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿ ಬೆರಳಿಗೆ ಮಿಷನ್ ಹಾಕಿದೆ. ತೊಂಬತ್ತೊಂದು. ಬೆರಳು ಬದಲಿಸಿದೆ. ತೊಂಬತ್ತು.

"ಎಷ್ಟುಂಟು?" ಅಕ್ಕ ಕೇಳಿದಳು. ಹಿಂದೆ ತಟ್ಟೆಗೆ ಚಮಚ ತಾಗಿದ ಸದ್ದು.

ಅಕ್ಕನಿಗೆ ನಾನು ಸುಳ್ಳು ಹೇಳಿದ್ದು ಕಡಿಮೆ, ಹೇಳಿದಾಗಲೆಲ್ಲ ಸಿಕ್ಕಿಬಿದ್ದವನು.

"ತೊಂಬತ್ತೆಂಟು" ಎಂದೆ.

"ಸರಿ" ಎಂದಳು. ನುಂಗಿದ ಸದ್ದು ಕೇಳಿಸಿತು. ಅವಳು ನನ್ನ ಜೀವವನ್ನು ನುಂಗುತ್ತಿದ್ದಾಳೆ ಅನ್ನಿಸಿತು. ನಾಚಿಕೆಗೆಟ್ಟ ಯೋಚನೆ, ಆದರೆ ಬಂತು. ಸೊಸೆ "ಆಯಿತು ಮಾವ" ಎಂದು ಫೋನ್ ಇಟ್ಟಳು.

ಬೆರಳು ತಣ್ಣಗಿದ್ದರೆ ಮಿಷನ್ ತಪ್ಪು ತೋರಿಸುತ್ತದೆ. ಗಿರಾಕಿಗಳಿಗೆ ನಾನೇ ದಿನಾ ಹೇಳುವ ಮಾತು ಅದು. ಕೈ ಉಜ್ಜಿ ಬಿಸಿ ಮಾಡಿ ಮತ್ತೆ ನೋಡಿ ಎನ್ನುತ್ತೇನೆ. ನನ್ನ ಹಿಂದಿನ ಕಪಾಟಿನಲ್ಲಿ ಮಾರಲು ಇಟ್ಟ ಹೊಸ ಮಿಷನ್‌ಗಳು ಹತ್ತಕ್ಕಿಂತ ಹೆಚ್ಚಿದ್ದವು. ಒಂದನ್ನು ಬಿಚ್ಚಿ ನೋಡಿದರೆ ಮುಗಿಯುತ್ತಿತ್ತು. ಧೈರ್ಯ ಆಗಲಿಲ್ಲ. ಸಂಜೆಯವರೆಗೂ ಮಾತ್ರೆ ಎಣಿಸಿ ಕೊಡುತ್ತ, ಪ್ರತಿ ಉಸಿರನ್ನೂ ಗಮನಿಸುತ್ತ ಕಳೆದೆ. ಒಬ್ಬ ಹೆಂಗಸಿಗೆ ತಪ್ಪು ಮಾತ್ರೆ ಕೊಟ್ಟು, ಅವರು ಮೆಟ್ಟಿಲು ಇಳಿಯುವುದರೊಳಗೆ ಓಡಿ ಹೋಗಿ ವಾಪಸು ತಂದೆ. ಐದೂವರೆಗೆ ಬೇರೆ ದಾರಿಯಿಲ್ಲದೆ ಬೆರಳು ಇಟ್ಟಾಗ ತೊಂಬತ್ತೇಳು ಬಂತು. ಅದನ್ನು ಅಕ್ಕನಿಗೆ ಹೇಳುವಾಗ ನನ್ನ ಧ್ವನಿ ನಡುಗಿತು. "ಏನಾಯ್ತು?" ಎಂದಳು. "ಮಳೆ, ಸರಿ ಕೇಳಿಸುವುದಿಲ್ಲ" ಎಂದೆ.

ವರದಿ ಬಂದದ್ದು ಅದರ ಮರುದಿನ. ಡಾಕ್ಟರು ಹೇಳಿದ ಅಂಕಿ ನನಗೆ ಈಗ ನೆನಪಿಲ್ಲ. "ಬಂದಿದೆ, ಬೇಕಾದಷ್ಟು ಬಂದಿದೆ. ಇದೇ ತರ ಮುಂದುವರಿಸುವ" ಎಂದ ಧ್ವನಿ ನೆನಪಿದೆ. ಮುಂದಿನ ತಿಂಗಳ ಸ್ಕ್ಯಾನಿನಲ್ಲಿ ಕಲೆ ಇದ್ದಲ್ಲೇ ಇತ್ತು. ಅದರ ಮುಂದಿನದರಲ್ಲಿ ಚಿಕ್ಕದಾಗಿತ್ತು. ಮಾತ್ರೆ ಸಿಗತೊಡಗಿದ ಮೇಲೂ ಡಾಕ್ಟರು ತುಪ್ಪ ಬಿಡಬೇಡಿ ಎಂದರು. ಆರನೇ ತಿಂಗಳಲ್ಲಿ ಸ್ಕ್ಯಾನ್ ಶುಭ್ರವಾಯಿತು. ಔಷಧ ನಿಲ್ಲಿಸಿದರು. ಬಲಗಣ್ಣು ಉಳಿಯಿತು. ಅಕ್ಕ ಉಳಿದಳು.

ಔಷಧ ನಿಂತ ಮರುದಿನ ಮೂಡುಬಿದಿರೆಗೆ ಹೋಗಿದ್ದೆ. ಸೊಸೆ ಸಂತೋಷಕ್ಕೆ ಪಾಯಸ ಮಾಡಿದ್ದಳು. ಮೂವರಿಗೂ ಬಡಿಸಿದಳು. ಅಕ್ಕ ತನ್ನ ಬಟ್ಟಲನ್ನು ನನ್ನ ಕಡೆಗೆ ಸರಿಸಿದಳು.

"ನಾನು ಬೆಳಿಗ್ಗೆ ಬಸದಿಗೆ ಹೋಗಿ ಬಂದೆ. ನಡುವೆ ಮುರಿದದ್ದು ಲೆಕ್ಕಕ್ಕೆ ಬರುವುದಿಲ್ಲವಲ್ಲ. ಇವತ್ತಿನಿಂದ ಒಂದು ವರ್ಷ."

ಆರು ತಿಂಗಳ ಹಿಂದೆ ಇದೇ ಜಗಲಿಯಲ್ಲಿ ನಿಂತು ಕೂಗಿದವನು ನಾನು. ಅವಳ ಮೈ ಇನ್ನೂ ಹಿಡಿಯಷ್ಟೇ ಇತ್ತು, ತುಪ್ಪ ಬೇಕಾಗಿದ್ದ ಮೈ. ಸೊಸೆ ನನ್ನ ಮುಖ ನೋಡಿದಳು, ಮಾವ ಏನಾದರೂ ಹೇಳಲಿ ಎಂದು.

ಕಿಸೆಯಲ್ಲಿದ್ದ ಮಿಷನ್ ಮುಟ್ಟಿ ನೋಡಿಕೊಂಡೆ. ನಾನು ಬೇಡ ಎನ್ನಲಿಲ್ಲ. ಅಕ್ಕನ ಬಟ್ಟಲನ್ನು ಹತ್ತಿರ ಎಳೆದುಕೊಂಡು ಅವಳ ಪಾಲಿನ ಪಾಯಸವನ್ನೂ ನಾನೇ ಉಂಡೆ.